ಮೌಸ್ ಆಡಿಸಿದರೆ ಏದುಸಿರು ಬಿಡುವ ಸ್ಕೋರ್ ಫೈಲು

ಬೆಂಗಳೂರಿನಲ್ಲಿ ಸುಗಮ ಸಂಗೀತದ ರೆಕಾರ್ಡಿಂಗ್‌ಗೆ ಹಾಳೆ ಸಿದ್ಧಮಾಡುವವರಿಗೆ ಒಂದೇ ಹಾಡನ್ನು ಎರಡು ಬಗೆಯಲ್ಲಿ ಬರೆಯುವ ಕೆಲಸ ತಪ್ಪಿದ್ದಲ್ಲ. ವಯೊಲಿನ್, ಚೆಲ್ಲೊ ನುಡಿಸುವವರು ಐದು ಗೆರೆಯ ಸ್ಟಾಫ್ ಓದುತ್ತಾರೆ. ಹಾಡುವವರಿಗೆ ಬೇಕಾದ್ದು ಕನ್ನಡದ ಸಾಹಿತ್ಯ, ಅದರ ಅಡಿಯಲ್ಲಿ ಸರಿಗಮ. ಎರಡನ್ನೂ ಬೇರೆ ಬೇರೆ ಫೈಲಿನಲ್ಲಿಟ್ಟರೆ ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಬಿಟ್ಟುಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಸ್ಕೋರಿನಲ್ಲಿ, ಅಂದರೆ ಎಲ್ಲರ ಸ್ವರಲಿಪಿಯೂ ಒಟ್ಟಿಗಿರುವ ಹಾಳೆಯಲ್ಲಿ, ಹಾಕಿದ್ದೆವು: ಹಾಡುವವರಿಗೆ 4 ಸ್ಟಾಫ್, ತಂತಿವಾದ್ಯಗಳಿಗೆ 4, ಕೊಳಲಿಗೆ 1, ತಬಲಾಕ್ಕೆ 1, ಕೀಬೋರ್ಡಿಗೆ 2, ಒಟ್ಟು 12. ಉದ್ದ 96 ಬಾರ್ (ಸ್ಟಾಫಿನ ಎರಡು ಲಂಬ ಗೆರೆಗಳ ನಡುವಿನ ಭಾಗ). ಆದಿತಾಳದ ಒಂದು ಆವರ್ತನವನ್ನು 4/4ರ ಎರಡು ಬಾರ್ ಎಂದು ಹಿಡಿದರೆ 48 ಆವರ್ತನ. ಬಾರಿಗೆ ಸರಾಸರಿ 6 ಅಕ್ಷರದಂತೆ ಸಾಹಿತ್ಯ, ಅಷ್ಟೇ ಸರಿಗಮ. ನಾಲ್ಕು ಸ್ಟಾಫಿಗೂ ಲೆಕ್ಕ ಹಾಕಿದರೆ ಕನ್ನಡದ ತುಣುಕುಗಳೇ ಸುಮಾರು 4,600.

ಈ ಫೈಲಿನಲ್ಲಿ ಕಂಪ್ಯೂಟರಿನ ಕೀಲಿಮಣೆಯಿಂದ ಸ್ವರ ತುಂಬುವಾಗ ಯಾವ ತೊಂದರೆಯೂ ಇರಲಿಲ್ಲ. ಏನನ್ನೂ ಒತ್ತದೆ ಕರ್ಸರನ್ನು ಸ್ವರಗಳ ಮೇಲೆ ಅತ್ತಿಂದಿತ್ತ ಆಡಿಸಿದರೆ ಮಾತ್ರ ಫ್ಯಾನ್ ಜೋರಾಗುತ್ತಿತ್ತು, ಸ್ಲರ್ (ಸ್ವರಗಳನ್ನು ಕೂಡಿಸುವ ಕಮಾನಿನಂಥ ಗೆರೆ) ಎಳೆದರೆ ಗೆರೆ ಕೈಯ ಹಿಂದೆ ಹಿಂದೆ ಬರುತ್ತಿತ್ತು. ಲ್ಯಾಪ್‌ಟಾಪ್ 4 ಕೋರ್, 8 ಥ್ರೆಡ್‌ನದು, ಅಂದರೆ ಒಂದೇ ಹೊತ್ತಿಗೆ 8 ಕೆಲಸದ ಎಳೆಗಳನ್ನು ನಡೆಸಬಲ್ಲದು. 8 ಜಿಬಿ ಮೆಮೊರಿ, ಪ್ರೊಸೆಸರಿನ ಒಳಗಿನದೇ ಗ್ರಾಫಿಕ್ಸ್, 1920×1080 ಪರದೆ, ಉಬುಂಟು. ಸ್ವರಲಿಪಿ ಬರೆಯುವ ನಮ್ಮ ತಂತ್ರಾಂಶ ಕ್ಯೂಟಿ ಎಂಬ ಚೌಕಟ್ಟಿನ ಮೇಲೆ ಕಟ್ಟಿದ್ದು. ಇಲ್ಲಿ ಬರುವ ಪರೀಕ್ಷೆಗಳು ಬೇರೆ ನೊಟೇಶನ್ ತಂತ್ರಾಂಶಗಳಿಗೂ ಹೊಂದುತ್ತವೆ.

ಮೊದಲು ಅಂಕಿಯನ್ನು ಸರಿಯಾಗಿ ಓದುವುದನ್ನು ಕಲಿಯಬೇಕು. ಇಲ್ಲೇ ಬಹಳ ಜನ ದಾರಿ ತಪ್ಪುತ್ತಾರೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಇಡೀ ಪ್ರೊಸೆಸರನ್ನು ಶೇ. 100 ಎಂದು ಹಿಡಿಯುತ್ತದೆ. 8 ಥ್ರೆಡ್‌ನ ಯಂತ್ರದಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೂ ಅಲ್ಲಿ ಕಾಣುವುದು ಶೇ. 12 ಅಥವಾ 13. ‘ಹದಿಮೂರೇ ಅಲ್ಲವೇ, ಪ್ರೊಸೆಸರ್ ಖಾಲಿಯೇ ಇದೆ’ ಅನ್ನಿಸುತ್ತದೆ, ಪರದೆ ಮಾತ್ರ ಕೈಗೆ ಸಿಗುವುದಿಲ್ಲ. ಲಿನಕ್ಸ್‌ನಲ್ಲಿ ಇದೇ ಕೆಲಸದ ‘ಟಾಪ್’ ಎಂಬ ಉಪಕರಣ ಹಾಗಲ್ಲ: ಒಂದು ಥ್ರೆಡ್ ತುಂಬಿದರೆ ಶೇ. 100 ಎಂದೇ ತೋರಿಸುತ್ತದೆ. ಟಾಪ್ ಓಡುತ್ತಿರುವಾಗ ಶಿಫ್ಟ್ ಹಿಡಿದು ಐ ಒತ್ತಿದರೆ ಒಂದು ರೀತಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಮೌಸ್‌ನ ಘಟನೆಗಳನ್ನು ಸ್ವೀಕರಿಸುವುದು ತಂತ್ರಾಂಶದ ಮುಖ್ಯ ಥ್ರೆಡ್ ಒಂದೇ. ಆದ್ದರಿಂದ ನೋಡಬೇಕಾದ್ದು ಆ ಒಂದು ಥ್ರೆಡ್ ಎಷ್ಟು ತುಂಬಿದೆ ಎನ್ನುವುದನ್ನು. ಇನ್ನೇಳು ಸುಮ್ಮನಿದ್ದರೆ ಅದರಿಂದ ನಮಗೆ ಲಾಭವಿಲ್ಲ.

ಅಳೆಯುವ ಮೊದಲು ಮೂರು ಕೆಲಸ. ತಂತಾನೇ ಉಳಿಸುವ ಸೌಲಭ್ಯವನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಕೆಲವು ನಿಮಿಷಕ್ಕೊಮ್ಮೆ ಸಂಬಂಧವಿಲ್ಲದ ಏರು ಕಾಣುತ್ತದೆ. (ಅಳತೆ ಮುಗಿದ ಮೇಲೆ ಮರೆಯದೆ ಮತ್ತೆ ಹಾಕಬೇಕು. ಬೇಸಿಗೆಯಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ.) ಲ್ಯಾಪ್‌ಟಾಪ್ ಚಾರ್ಜರಿನಲ್ಲೇ ಇರಬೇಕು, ಪ್ರೊಸೆಸರ್ ವೇಗವನ್ನು ‘ಪರ್ಫಾರ್ಮೆನ್ಸ್’ ನೀತಿಗೆ ಕಟ್ಟಬೇಕು. ನಮ್ಮ ಮೊದಲ ದಿನದ ಅಂಕಿಗಳನ್ನೆಲ್ಲ ಎಸೆಯಬೇಕಾಗಿ ಬಂದದ್ದು ಇದರಿಂದಲೇ: ನಡುವೆ ಕರೆಂಟು ಹೋಗಿ ಯಂತ್ರ ಬ್ಯಾಟರಿಗೆ ಇಳಿಯಿತು, ಪ್ರೊಸೆಸರಿನ ವೇಗ ತಗ್ಗಿತು, ಅದೇ ಕೆಲಸಕ್ಕೆ ಶೇಕಡಾವಾರು ಏರಿತು. ಕೆಲಸ ಹೆಚ್ಚಾಗಿರಲಿಲ್ಲ, ಕೆಲಸ ಮಾಡುವ ಕೈ ನಿಧಾನವಾಗಿತ್ತು. ಮೂರನೆಯದು, ಫೈಲ್ ತೆರೆದು ಏನನ್ನೂ ಮುಟ್ಟದೆ ಒಂದು ನಿಮಿಷ ನೋಡುವುದು. ನಮ್ಮಲ್ಲಿ ಶೇ. 2 ದಾಟಲಿಲ್ಲ. ಸುಮ್ಮನಿದ್ದಾಗಲೇ ಹೆಚ್ಚಿದ್ದರೆ ತಪ್ಪು ಮೌಸ್‌ನದಲ್ಲ. ಮಿಕ್ಸರಿನ ಮೀಟರು, ಧ್ವನಿ ಎಂಜಿನ್ ಇಂಥವನ್ನು ಹುಡುಕಬೇಕು.

ಆಮೇಲೆ ಮೌಸ್‌ನ ಕೆಲಸಗಳನ್ನು ಬಿಡಿಬಿಡಿಯಾಗಿ, ಒಂದೊಂದನ್ನೂ 20 ಸೆಕೆಂಡ್ ಮಾಡಿದೆವು. ಹಾಳೆಯ ಹೊರಗಿನ ಖಾಲಿ ಜಾಗದಲ್ಲಿ ಕರ್ಸರ್ ಆಡಿಸುವುದು, ಸ್ವರಗಳ ಮೇಲೆ ಆಡಿಸುವುದು, ಸ್ವರವನ್ನು ಕ್ಲಿಕ್ ಮಾಡುವುದು, ಸ್ಲರಿನ ತುದಿ ಹಿಡಿದು ಎಳೆಯುವುದು, ಚಕ್ರ ತಿರುಗಿಸುವುದು. ಖಾಲಿ ಜಾಗದಲ್ಲಿ ಶೇ. 15ರ ಆಸುಪಾಸು. ಸ್ವರಗಳ ಮೇಲೆ ಥ್ರೆಡ್ ಪೂರ್ತಿ ತುಂಬಿತು. ಸ್ಲರ್ ಎಳೆದಾಗಲೂ ತುಂಬಿತು, ಜೊತೆಗೆ ಪರದೆ ತಡವಾಯಿತು. ಕ್ಲಿಕ್‌ನಲ್ಲಿ ಒಂದು ಚಿಮ್ಮು, ಆಮೇಲೆ ಶಾಂತ. ಹೀಗೆ ಬಿಡಿಸಿದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು. ‘ಮೌಸ್ ಬಳಸಿದರೆ ನಿಧಾನ’ ಎಂದಷ್ಟೇ ಹೇಳಿದರೆ ಯಾರಿಗೂ ಯಾವ ಸುಳಿವೂ ಸಿಗುವುದಿಲ್ಲ.

ಕೈ ನಿಂತ ಮೇಲೆ ಏನಾಗುತ್ತದೆ ಎಂಬುದನ್ನೂ ಗಮನಿಸಬೇಕು. ಮೌಸ್ ನಿಲ್ಲಿಸಿದ ಕೂಡಲೇ ಅಂಕಿ ಇಳಿದರೆ, ತಂತ್ರಾಂಶ ಹಳೆಯ ಚಲನೆಗಳನ್ನು ಬಿಟ್ಟು ಇತ್ತೀಚಿನದನ್ನಷ್ಟೇ ತೆಗೆದುಕೊಳ್ಳುತ್ತಿದೆ. ನಿಲ್ಲಿಸಿದ ಮೇಲೂ ಎರಡು ಮೂರು ಸೆಕೆಂಡ್ ದುಡಿಯುತ್ತಲೇ ಇದ್ದರೆ ಘಟನೆಗಳು ಸಾಲಿನಲ್ಲಿ ಪೇರಿಸಿಕೊಂಡಿವೆ. ಲಿನಕ್ಸ್‌ನಲ್ಲಿ ಪರದೆ, ಮೌಸ್ ನೋಡಿಕೊಳ್ಳುವ ಎಕ್ಸ್11 ವ್ಯವಸ್ಥೆಯ ಮೇಲೆ ಓಡುವಾಗ ಕ್ಯೂಟಿ, ತಂತ್ರಾಂಶ ನಿಭಾಯಿಸುವುದಕ್ಕಿಂತ ಬೇಗ ಬರುವ ಚಲನೆಗಳನ್ನು ತಾನಾಗಿ ಒಂದುಗೂಡಿಸುತ್ತದೆ. ಬೇಡವೆಂದರೆ ತಂತ್ರಾಂಶ ಬರೆದವರು ಅದನ್ನು ನಿಲ್ಲಿಸಲೂಬಹುದು. ನಮ್ಮಲ್ಲಿ ಕೂಡಲೇ ಇಳಿಯಿತು. ಅಂದರೆ ಸಾಲು ಬೆಳೆಯುತ್ತಿರಲಿಲ್ಲ, ಒಂದೊಂದು ಚಲನೆಯೇ ದುಬಾರಿಯಾಗಿತ್ತು.

ಎಷ್ಟು ದುಬಾರಿ? ಕೈಯಿಂದ ಆಡಿಸಿದರೆ ಪ್ರತಿ ಸಲ ದಾರಿ ಬೇರೆ, ವೇಗ ಬೇರೆ, ಹೋಲಿಕೆಗೆ ಬರುವುದಿಲ್ಲ. ಎಕ್ಸ್‌ಡೂಟೂಲ್ ಎಂಬ ಚಿಕ್ಕ ಉಪಕರಣದಿಂದ ಕರ್ಸರನ್ನು ಗೊತ್ತಾದ ದಾರಿಯಲ್ಲಿ, ಗೊತ್ತಾದ ವೇಗದಲ್ಲಿ ಓಡಿಸಬಹುದು. ಎಕ್ಸ್11ರ ಬದಲು ಬಂದಿರುವ ವೇಲ್ಯಾಂಡ್ ಅಧಿವೇಶನದಲ್ಲಿ ಇದು ಸರಿಯಾಗಿ ನಡೆಯದು, ಆ ಆಯ್ಕೆ ಇರುವ ಉಬುಂಟು ಆವೃತ್ತಿಯಲ್ಲಿ ಲಾಗಿನ್ ಆಗುವಾಗಲೇ ಎಕ್ಸ್‌ಆರ್ಗ್ (ಎಕ್ಸ್11 ನಡೆಸುವ ತಂತ್ರಾಂಶ) ಆರಿಸಬೇಕು. ಎರಡನೇ ಬಾರಿನಿಂದ ಆರನೇ ಬಾರಿನವರೆಗೆ ಸೆಕೆಂಡಿಗೆ 50 ಚಲನೆಯಂತೆ ಓಡಿಸಿದಾಗ ಶೇ. 30. ಅಂದರೆ ಒಂದು ಸೆಕೆಂಡಿನಲ್ಲಿ 300 ಮಿಲಿಸೆಕೆಂಡ್ ದುಡಿಮೆ, 50 ಚಲನೆಗೆ ಹಂಚಿದರೆ ಒಂದಕ್ಕೆ 6 ಮಿಲಿಸೆಕೆಂಡ್. 100 ಚಲನೆ ಕಳಿಸಿದಾಗ ಶೇ. 60. ಇಲ್ಲಿ ಒಂದು ಸೂಕ್ಷ್ಮವಿದೆ. ಚಿತ್ರವನ್ನು ಪರದೆಯ ವೇಗಕ್ಕೆ, ಅಂದರೆ ಸೆಕೆಂಡಿಗೆ 60 ಸಲಕ್ಕೆ ಮಿತಿಗೊಳಿಸುವ ತಂತ್ರಾಂಶವಾಗಿದ್ದರೆ 60 ದಾಟಿದ ಮೇಲೆ ಏರಿಕೆ ನಿಧಾನವಾಗಬೇಕಿತ್ತು. ನಮ್ಮಲ್ಲಿ ಅನುಪಾತದಲ್ಲೇ ಏರಿತು. ಪರದೆಗೆ ತೋರಿಸಲಾಗದ ಚಲನೆಗಳಿಗೂ ಪೂರ್ತಿ ಕೆಲಸ ನಡೆಯುತ್ತಿತ್ತು.

ಈಗ ಮೌಸ್‌ನ ಸರದಿ. ಬಳಕೆಯಲ್ಲಿದ್ದದ್ದು ಆಟಕ್ಕೆಂದು ಮಾಡಿದ, ಸೆಕೆಂಡಿಗೆ 1000 ಸಲ ವರದಿ ಕಳಿಸುವ ಮೌಸ್. ಒಂದು ಚಲನೆಗೆ 6 ಮಿಲಿಸೆಕೆಂಡ್ ಆದರೆ 1000ಕ್ಕೆ 6 ಸೆಕೆಂಡ್ ದುಡಿಮೆ ಬೇಕು. ಒಂದು ಸೆಕೆಂಡಿನಲ್ಲಿ ಅದು ಆಗದ ಮಾತು, ಥ್ರೆಡ್ ತುಂಬಿ ನಿಲ್ಲುತ್ತದೆ. ಸಾಮಾನ್ಯ ಯುಎಸ್‌ಬಿ ಮೌಸ್ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ವರದಿ ಮಾಡುತ್ತದೆ. ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ತಂತಿಯ ಆಪ್ಟಿಕಲ್ ಮೌಸ್ ಸಾಕು. ಇದ್ದ ಮೌಸನ್ನೇ ಇಳಿಸಬೇಕೆಂದರೆ ಲಿನಕ್ಸ್‌ನಲ್ಲಿ ಯುಎಸ್‌ಬಿ ಮೌಸ್ ನೋಡಿಕೊಳ್ಳುವ ಯುಎಸ್‌ಬಿಹಿಡ್ ಮಾಡ್ಯೂಲಿಗೆ ‘ಮೌಸ್‌ಪೋಲ್’ ಎಂಬ ನಿಯತಾಂಕ ಇದೆ. ಅದರ ಬೆಲೆ ಮಿಲಿಸೆಕೆಂಡಿನಲ್ಲಿ: 8 ಕೊಟ್ಟರೆ 125, 4 ಕೊಟ್ಟರೆ 250, 2 ಕೊಟ್ಟರೆ 500. ಸೊನ್ನೆ ಎಂದರೆ ಮೌಸ್ ಕೇಳಿದಷ್ಟು. ಬೆಲೆ ಬದಲಿಸಿದ ಮೇಲೆ ಮೌಸನ್ನು ಕಿತ್ತು ಮತ್ತೆ ಚುಚ್ಚಬೇಕು, ಇಲ್ಲದಿದ್ದರೆ ಹಳೆಯದೇ ನಡೆಯುತ್ತದೆ. ಮಾಡ್ಯೂಲ್ ಸೆಟ್ಟಿಂಗ್ ಫೈಲಿನಲ್ಲಿ ಬರೆದರೂ ರೀಸ್ಟಾರ್ಟ್ ಆದಾಗ ಹಿಡಿಯದಿದ್ದರೆ, ಬೂಟ್ ಹೊತ್ತಿನ ಇನಿಟ್‌ರಾಮ್‌ಎಫ್‌ಎಸ್ ಚಿತ್ರವನ್ನು ಮತ್ತೆ ಕಟ್ಟಿಸಬೇಕು. ಮಾಡ್ಯೂಲ್ ಅಲ್ಲಿಂದಲೇ ಮೊದಲು ಏರುತ್ತದೆ. ಬ್ಲೂಟೂತ್ ಮೌಸ್‌ಗೆ ಈ ನಿಯತಾಂಕ ತಾಗುವುದಿಲ್ಲ. ಬದಲಾವಣೆ ನಿಜವಾಗಿ ಆಗಿದೆಯೇ ಎಂದು ತಿಳಿಯಲು, ಮೌಸ್‌ನ ವರದಿಗಳನ್ನು ಸಮಯದೊಡನೆ ತೋರಿಸುವ ಇವ್‌ಟೆಸ್ಟ್ ಓಡಿಸಿ, ಮೌಸನ್ನು ಒಂದೇ ಸಮನೆ ಆಡಿಸುತ್ತ ಎರಡು ವರದಿಗಳ ನಡುವಿನ ಸಮಯ ನೋಡಬೇಕು: ಸುಮಾರು 0.008 ಸೆಕೆಂಡ್ ಇರಬೇಕು.

125ಕ್ಕೆ ಇಳಿಸಿದಾಗ ಲೆಕ್ಕದ ಪ್ರಕಾರ 125 × 6 = 750 ಮಿಲಿಸೆಕೆಂಡ್, ಶೇ. 75. ಕಂಡದ್ದೂ ಅಷ್ಟೇ. ಟಾಪ್‌ನಲ್ಲಿ ಎಕ್ಸ್‌ಆರ್ಗ್‌ನ ಹೆಸರಿನ ಮುಂದಿನ ಅಂಕಿಯೂ ಇಳಿಯಿತು, ಏಕೆಂದರೆ ಪ್ರತಿ ವರದಿ ಮೊದಲು ಅದರ ಕೈ ದಾಟಿ ಬರುತ್ತದೆ. ಆದರೂ ಫ್ಯಾನ್ ನಿಲ್ಲಲಿಲ್ಲ. ಮೌಸ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಅರ್ಧ ಮಾತ್ರ ನಿಜ. ಒಂದು ಚಲನೆಗೆ 6 ಮಿಲಿಸೆಕೆಂಡ್ ಎಂಬುದು ಹಾಗೇ ಉಳಿದಿತ್ತು, ಅದನ್ನು ತಗ್ಗಿಸದೆ ಗತಿಯಿರಲಿಲ್ಲ.

ಆ 6 ಮಿಲಿಸೆಕೆಂಡ್ ಎಲ್ಲಿ ಹೋಗುತ್ತದೆ ಎಂದು ತಿಳಿಯಲು ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಎರಡು ಪರೀಕ್ಷೆಗಳಿವೆ, ಇವನ್ನು ಮನಸಾರೆ ಶಿಫಾರಸು ಮಾಡುತ್ತೇವೆ. ಒಂದು, ಝೂಮ್ ಬದಲಿಸಿ ಅದೇ ಓಟ ಓಡಿಸುವುದು. ಶೇ. 200ಕ್ಕೆ ಹಿಗ್ಗಿಸಿದರೆ ಪರದೆಯ ಮೇಲೆ ಕೆಲವೇ ಬಾರ್ ಇರುತ್ತವೆ, ಶೇ. 50ಕ್ಕೆ ಕುಗ್ಗಿಸಿದರೆ ಎರಡು ಪುಟ ಕಾಣುತ್ತವೆ. ಖರ್ಚು ಝೂಮ್ ಜೊತೆ ಏರಿಳಿದರೆ ಹೊಣೆ ಚಿತ್ರ ಬರೆಯುವ ಭಾಗದ್ದು: ಕಾಣುವುದನ್ನೆಲ್ಲ ಪ್ರತಿ ಸಲ ಮತ್ತೆ ಬರೆಯುತ್ತಿದೆ. ಎರಡು, ಮೊದಲ 24 ಬಾರ್ ಮಾತ್ರ ಉಳಿಸಿ ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಝೂಮ್ ಬದಲಿಸದೆ ಅದೇ ಓಟ. ಖರ್ಚು ಕಾಲುಭಾಗದತ್ತ ಇಳಿದರೆ ಹೊಣೆ ಪುಟವಿನ್ಯಾಸದ್ದು, ಇಲ್ಲವೇ ಕರ್ಸರಿನ ಕೆಳಗೆ ಯಾವ ಸ್ವರವಿದೆ ಎಂದು ಹುಡುಕುವ ಭಾಗದ್ದು. ಕಾಣದ ಬಾರ್‌ಗಳನ್ನೂ ಅವು ಮುಟ್ಟುತ್ತಿವೆ.

ನಮ್ಮ ಫೈಲಿನಲ್ಲಿ ಎರಡೂ ಇದ್ದವು, ಬೇರೆ ಬೇರೆ ಕೆಲಸಕ್ಕೆ. ಕರ್ಸರ್ ಬರಿದೇ ಆಡಿಸಿದಾಗಿನ ಖರ್ಚು ಝೂಮ್‌ಗೆ ತಕ್ಕಂತೆ ಬದಲಾಯಿತು, ಬಾರ್‌ಗಳ ಸಂಖ್ಯೆಗೆ ಜಗ್ಗಲಿಲ್ಲ. ಸ್ಲರ್ ಎಳೆಯುವ ಖರ್ಚು ಇದಕ್ಕೆ ತದ್ವಿರುದ್ಧ. ಮೊದಲನೆಯದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ: ಕರ್ಸರ್ ಸ್ವರದ ಮೇಲೆ ಬಂದೊಡನೆ ಅದರ ಬಣ್ಣ ಬದಲಾಗುತ್ತದೆ. ಆ ಸ್ವರ ಕೂತ ಚೌಕದಷ್ಟು ಮಾತ್ರ ಮತ್ತೆ ಬರೆದರೆ ಸಾಕು, ಆದರೆ ಕಾಣುವ ಹಾಳೆಯನ್ನೆಲ್ಲ ಬರೆಯಲಾಗುತ್ತಿತ್ತು.

ಅದರೊಳಗೆ ಇನ್ನೂ ಇಳಿಯಲು, ಸಮಯ ಎಲ್ಲಿ ಹೋಗುತ್ತದೆ ಎಂದು ತೋರಿಸುವ ಪರ್ಫ್ ಎಂಬ ಉಪಕರಣ ಬಳಸಿದೆವು. ಓಟ ನಡೆಯುತ್ತಿರುವಾಗ ತಂತ್ರಾಂಶದ ಪ್ರಕ್ರಿಯೆ ಸಂಖ್ಯೆಯನ್ನು ಪರ್ಫ್ ಟಾಪ್‌ಗೆ ಕೊಟ್ಟರೆ ಸಮಯ ತಿನ್ನುವ ಕೆಲಸಗಳು ಮೇಲಿಂದ ಕೆಳಕ್ಕೆ ಕಾಣುತ್ತವೆ. ಅನುಮತಿ ಇಲ್ಲ ಎಂದರೆ ಸುಡೊ (ನಿರ್ವಾಹಕರ ಅಧಿಕಾರದಲ್ಲಿ ಓಡಿಸುವ ಆದೇಶ) ಬೇಕು. ಡಿಬಗ್ ಚಿಹ್ನೆಗಳಿಲ್ಲದ ಪ್ಯಾಕೇಜಿನಲ್ಲಿ ಹೆಸರಿನ ಬದಲು ಬರೀ ಅಂಕಿಗಳು ಬರಬಹುದು. ಆಗಲೂ ಯಾವ ಲೈಬ್ರರಿ ಎಂಬುದು ತಿಳಿಯುತ್ತದೆ. ನಮಗೆ ಮೇಲೆ ಕಂಡದ್ದು ಹಾರ್ಫ್‌ಬಝ್. ಅಕ್ಷರಗಳನ್ನು ಜೋಡಿಸಿ ಒತ್ತಕ್ಷರ, ಗುಣಿತಗಳಿಗೆ ಸರಿಯಾದ ಆಕಾರ ಆರಿಸುವ ಲೈಬ್ರರಿ ಅದು. ತಂತ್ರಾಂಶವನ್ನು ಒಂದೇ ಫೈಲಾಗಿ ಕಟ್ಟಿಕೊಡುವ ಆಪ್‌ಇಮೇಜ್ ಆವೃತ್ತಿಯಲ್ಲಿ ಈ ಲೈಬ್ರರಿ ಕ್ಯೂಟಿಯ ಒಳಗೇ ಸೇರಿರಬಹುದು, ಆಗ ಅದರ ಹೆಸರು ಬೇರೆಯಾಗಿ ಕಾಣುವುದಿಲ್ಲ. ನಾವು ಅದಕ್ಕಾಗಿಯೇ ಉಬುಂಟು ಭಂಡಾರದ ಪ್ಯಾಕೇಜಿನಲ್ಲಿ ಅಳೆದೆವು.

ಇಂಗ್ಲಿಷ್ ಸಾಹಿತ್ಯದ ಫೈಲುಗಳಲ್ಲಿ ಈ ತೊಂದರೆ ಇಷ್ಟು ಎದ್ದು ಕಾಣದಿರುವುದಕ್ಕೆ ಕಾರಣ ಇಲ್ಲಿದೆ. ‘ಸ್ತ್ರೀ’ ಎಂದು ಬರೆಯಲು ಆರು ಸಂಕೇತಗಳು ಬೇಕು: ಸ, ಹಲಂತ, ತ, ಹಲಂತ, ರ, ದೀರ್ಘ ಈ ಕಾರ. ಅವನ್ನು ಒಂದು ಅಕ್ಷರವಾಗಿ ಕಾಣಿಸಲು ಫಾಂಟಿನ ಹಲವು ನಿಯಮಗಳು ಒಂದಾದ ಮೇಲೊಂದು ಓಡಬೇಕು. ಕ್ಯೂಟಿಯಲ್ಲಿ ಪಠ್ಯ ಬರೆಯುವ ಸಾಮಾನ್ಯ ವಿಧಾನ ಬಳಸಿದರೆ ಈ ಜೋಡಣೆ ಪ್ರತಿ ಬರಹಕ್ಕೂ ಮತ್ತೆ ನಡೆಯುತ್ತದೆ; ಒಮ್ಮೆ ಜೋಡಿಸಿದ್ದನ್ನು ಇಟ್ಟುಕೊಳ್ಳುವ ಬೇರೆ ವಿಧಾನವಿದೆ, ಅದನ್ನು ತಂತ್ರಾಂಶ ಬರೆದವರು ಬೇಕೆಂದೇ ಬಳಸಬೇಕು. ಇದರ ಮೇಲೆ ನಾವೇ ಇನ್ನೊಂದು ಹೊರೆ ಹಾಕಿದ್ದೆವು. ಸಾಹಿತ್ಯದ ಶೈಲಿಯಲ್ಲಿ ಫಾಂಟನ್ನು ಮೊದಲಿದ್ದಂತೆ ಬಿಟ್ಟಿದ್ದೆವು, ಅದು ಲ್ಯಾಟಿನ್ ಲಿಪಿಯ ಫಾಂಟ್. ಕನ್ನಡ ಅಕ್ಷರ ಅದರಲ್ಲಿಲ್ಲ, ಆದರೂ ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು. ಕ್ಯೂಟಿ ಇರುವ ಫಾಂಟುಗಳಲ್ಲಿ ಹುಡುಕಿ ಬದಲಿಯನ್ನು ಹಾಕುತ್ತಿತ್ತು. ಕಾಣುತ್ತಿದೆಯಲ್ಲ ಎಂದು ಸುಮ್ಮನಿದ್ದದ್ದು ತಪ್ಪಾಯಿತು.

ಸಾಹಿತ್ಯದ ಶೈಲಿಗೆ ನೇರವಾಗಿ ನೋಟೊ ಸೆರಿಫ್ ಕನ್ನಡ ಹಾಕಿದೆವು. ಶೈಲಿಯಲ್ಲಿ ಬದಲಿಸಿದರೆ ಸಾಲದು. ಕೈಯಿಂದ ಫಾಂಟ್ ಬದಲಿಸಿದ ಬಿಡಿ ಅಕ್ಷರಗಳು ಹಳೆಯದನ್ನೇ ಹಿಡಿದಿರುತ್ತವೆ, ಅವನ್ನು ಆರಿಸಿ ಶೈಲಿಗೆ ಮರಳಿಸಬೇಕು. ಸರಿಗಮದಲ್ಲಿ ಇನ್ನೊಂದು ತೊಡಕು ಸಿಕ್ಕಿತು. ತಾರ ಸ್ಥಾಯಿಗೆ ಮೇಲೆ, ಮಂದ್ರಕ್ಕೆ ಕೆಳಗೆ ಚುಕ್ಕೆ ಇಡುತ್ತೇವೆ. ಈ ಚುಕ್ಕೆಗಳಿಗೆ ಯೂನಿಕೋಡಿನ ಸಂಯೋಜಕ ಚಿಹ್ನೆ ಬಳಸಿದ್ದೆವು. ಆರಿಸಿದ ಫಾಂಟಿನಲ್ಲಿ ಆ ಚಿಹ್ನೆ ಇಲ್ಲದಿದ್ದರೆ ‘ಸ’ ಒಂದು ಫಾಂಟಿನಿಂದ, ಚುಕ್ಕೆ ಇನ್ನೊಂದರಿಂದ ಬರಬೇಕಾಗುತ್ತದೆ; ಖರ್ಚು ಹೆಚ್ಚುವುದಲ್ಲದೆ ಚುಕ್ಕೆ ಅಕ್ಷರದ ಪಕ್ಕಕ್ಕೆ ಜಾರುತ್ತದೆ, ಕೆಲವೊಮ್ಮೆ ಚುಕ್ಕಿಗಳ ವೃತ್ತ ಮೂಡುತ್ತದೆ. ಹಾಳೆಯಲ್ಲಿ ಚುಕ್ಕೆ ಜಾರಿದ್ದನ್ನು ಕಂಡರೆ ಅದು ಫಾಂಟ್ ಬದಲಿಯ ಗುರುತು ಎಂದೇ ತಿಳಿಯಬೇಕು.

ಫಾಂಟ್ ಸರಿಮಾಡಿದ ಮೇಲೆ ಒಂದು ಚಲನೆಗೆ 6 ಇದ್ದದ್ದು 4 ಮಿಲಿಸೆಕೆಂಡಿನ ಸುತ್ತ ಬಂತು. ಸರಿಗಮದ ಸಾಲನ್ನು ಆರಿಸಿ ಅದೃಶ್ಯ ಮಾಡಿ, ಅದೃಶ್ಯವಾದದ್ದನ್ನು ತೋರಿಸುವ ಆಯ್ಕೆಯನ್ನೂ ತೆಗೆದಾಗ 2.5. ಸರಳ ಮೌಸ್‌ನ 125 ಚಲನೆಗೆ ಅದು ಶೇ. 31ರಷ್ಟು. ಫ್ಯಾನ್ ನಿಂತಿತು. ಅಂದಿನಿಂದ ಸ್ವರ, ಸಾಹಿತ್ಯ, ಸ್ಲರ್ ಎಲ್ಲ ಮುಗಿದು ಗಾಯಕರಿಗೆ ಪ್ರತಿ ತೆಗೆಯುವ ಹಂತದಲ್ಲಿ ಮಾತ್ರ ಸರಿಗಮವನ್ನು ಕಾಣಿಸುತ್ತೇವೆ.

ಬಸವನಗುಡಿಯ ಅಭ್ಯಾಸದ ಕೋಣೆಯಲ್ಲಿ ಇದೇ ಫೈಲನ್ನು ಹಳೆಯ ಡೆಸ್ಕ್‌ಟಾಪಿನಲ್ಲಿ ತೆರೆದಾಗ ಲಕ್ಷಣ ಬೇರೆಯಾಗಿತ್ತು: ಒಂದು ಥ್ರೆಡ್ ಅಲ್ಲ, ಎಲ್ಲ ಕೋರ್‌ಗಳೂ ಒಟ್ಟಿಗೆ ಏರಿದವು. ಹೀಗಾದರೆ ಮೊದಲು ಗ್ರಾಫಿಕ್ಸ್ ಚಾಲಕವನ್ನು ಅನುಮಾನಿಸಬೇಕು. ಗ್ರಾಫಿಕ್ಸ್ ವಿವರ ತೋರಿಸುವ ಜಿಎಲ್‌ಎಕ್ಸ್‌ಇನ್ಫೊ ಓಡಿಸಿ ರೆಂಡರರ್ ಎಂಬ ಸಾಲು ನೋಡಿದರೆ ‘ಎಲ್‌ಎಲ್‌ವಿಎಂಪೈಪ್’ ಎಂದಿತ್ತು. ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವನ್ನು ಪ್ರೊಸೆಸರೇ ಮಾಡುತ್ತಿದೆ ಎಂದು ಅದರ ಅರ್ಥ. ಅದು ಇರುವ ಕೋರ್‌ಗಳಿಗೆಲ್ಲ ಕೆಲಸ ಹಂಚುತ್ತದೆ. ಸರಿಯಾದ ಚಾಲಕ ಹಾಕಿದ ಮೇಲೆ ಇಳಿಯಿತು. ವರ್ಚುವಲ್ ಯಂತ್ರದೊಳಗೆ 3ಡಿ ವೇಗವರ್ಧನೆ ಹಾಕದೆ ಓಡಿಸುವವರಿಗೂ ಇದೇ ಆಗುತ್ತದೆ. 4ಕೆ ಪರದೆ ಜೋಡಿಸುವವರು ಒಂದು ಲೆಕ್ಕ ನೆನಪಿಡಬೇಕು: 3840×2160 ಅಂದರೆ 1920×1080ರ ನಾಲ್ಕರಷ್ಟು ಚುಕ್ಕಿಗಳು, ಚುಕ್ಕಿಗೆ 4 ಬೈಟ್‌ನಂತೆ ಒಂದು ಚಿತ್ರಕ್ಕೆ ಸುಮಾರು 33 ಎಂಬಿ. ಸೆಕೆಂಡಿಗೆ 60 ಸಲವಾದರೆ 2 ಜಿಬಿ ಹತ್ತಿರ ಬರುತ್ತದೆ.

ಕ್ಲಿಕ್‌ನ ಚಿಮ್ಮಿಗೆ ಕಾರಣ ಎರಡು. ಸ್ವರ ಒತ್ತಿದೊಡನೆ ಅದನ್ನು ನುಡಿಸುವ ಆಯ್ಕೆ ಒಂದು. ತಿದ್ದುಪಡಿಯ ಹೊತ್ತಿನಲ್ಲಿ ಅದನ್ನು ತೆಗೆಯಬಹುದು. ಧ್ವನಿಯ ಬಫರ್ 512 ಮಾದರಿಯದಿದ್ದು 48,000 ಹರ್ಟ್ಸ್‌ನಲ್ಲಿ ಓಡುತ್ತಿದ್ದರೆ ಕೈಯಲ್ಲಿರುವ ಸಮಯ 10.7 ಮಿಲಿಸೆಕೆಂಡ್ ಮಾತ್ರ. ನುಡಿಸುತ್ತಿರುವಾಗ ಮೌಸ್ ಆಡಿಸಿದರೆ ಚಟಚಟ ಸದ್ದು ಬರುವುದಾದರೆ ಬಫರನ್ನು 1024ಕ್ಕೆ ಏರಿಸಿ ನೋಡಬೇಕು. ಎರಡನೆಯದು ಗುಣಲಕ್ಷಣ ತೋರಿಸುವ ಪಕ್ಕದ ಫಲಕ. ಕ್ಲಿಕ್ ಮಾಡಿದಾಗಲೆಲ್ಲ ಅದು ಹೊಸದಾಗಿ ತುಂಬಿಕೊಳ್ಳುತ್ತದೆ, ಇಡೀ ಸ್ಕೋರ್ ಆರಿಸಿದರೆ 4,600 ತುಣುಕುಗಳಲ್ಲಿ ಸಮಾನವಾದದ್ದೇನು ಎಂದು ಹುಡುಕುತ್ತದೆ. ಬೇಡದಾಗ ಮುಚ್ಚಿಡುವುದೇ ವಾಸಿ. ಇಡೀ ಸ್ಕೋರನ್ನು ಚಿಕ್ಕದಾಗಿ ತೋರಿಸುವ ನ್ಯಾವಿಗೇಟರ್ ಫಲಕಕ್ಕೂ ಇದೇ ಮಾತು.

ಉಳಿದದ್ದು ಸ್ಲರ್. ಇದು ಪೂರ್ತಿ ಬಗೆಹರಿದಿಲ್ಲ. ಪುಟಗಳಿಲ್ಲದೆ ಒಂದೇ ಉದ್ದ ಸಾಲಾಗಿ ತೋರಿಸುವ ನೋಟದಲ್ಲಿ 96 ಬಾರೂ ಸೇರಿ ಒಂದೇ ಸಿಸ್ಟಮ್ (ಎಲ್ಲ ಸ್ಟಾಫುಗಳೂ ಒಟ್ಟಿಗಿರುವ ಒಂದು ಸಾಲು). ಸ್ಲರಿನ ತುದಿ ಒಂದು ಕೂದಲೆಳೆ ಸರಿದರೂ, ಮೇಲಿನ ಕೆಳಗಿನ ಸಾಹಿತ್ಯಕ್ಕೆ ತಾಗುತ್ತದೆಯೇ ಎಂದು ಆ ಇಡೀ ಸಾಲಿನ ಅಂತರಗಳನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಪುಟದ ನೋಟಕ್ಕೆ ಬಂದರೆ ಆ ಲೆಕ್ಕ ನಾಲ್ಕೈದು ಬಾರಿನ ಒಂದು ಸಿಸ್ಟಮ್ಮಿಗೆ ಬಹಳಮಟ್ಟಿಗೆ ಸೀಮಿತವಾಗುತ್ತದೆ. ವ್ಯತ್ಯಾಸ ಕೈಗೇ ತಿಳಿಯುತ್ತದೆ. ತಂತ್ರಾಂಶ ರೂಪಿಸುವವರಿಗೆ ಕಳಿಸಿದ ವರದಿಯಲ್ಲಿ 24 ಬಾರಿನ ಫೈಲು, 96 ಬಾರಿನ ಫೈಲು, ಎರಡೂ ನೋಟಗಳ ಅಂಕಿ, ಝೂಮ್, ಪರದೆಯ ಅಳತೆ, ಮೌಸ್‌ನ ವರದಿ ವೇಗ, ಸಾಹಿತ್ಯದ ಫಾಂಟು, ಎಕ್ಸ್‌ಡೂಟೂಲ್ ಓಟದ ಆದೇಶ ಎಲ್ಲವನ್ನೂ ಹಾಕಿದ್ದೇವೆ. ಕನ್ನಡ ಸಾಹಿತ್ಯ ಇಟ್ಟ ಪ್ರತಿಯನ್ನೂ, ಅದೇ ಜಾಗಗಳಲ್ಲಿ ಲ್ಯಾಟಿನ್ ಅಕ್ಷರ ಇಟ್ಟ ಪ್ರತಿಯನ್ನೂ ಜೊತೆಗಿಟ್ಟೆವು. ಕನ್ನಡ ಓದಲು ಬಾರದವರೂ ಎರಡನ್ನೂ ತೆರೆದು ವ್ಯತ್ಯಾಸ ಅಳೆಯಬಹುದು.

ಸದ್ಯಕ್ಕೆ ಸ್ಲರ್ ತಿದ್ದುವುದನ್ನು ಪುಟದ ನೋಟದಲ್ಲೇ ಮಾಡುತ್ತೇವೆ, ಅದೂ ಮೌಸ್‌ನಿಂದ ಎಳೆಯದೆ. ತುದಿಯನ್ನು ಒಮ್ಮೆ ಕ್ಲಿಕ್ ಮಾಡಿ ಹಿಡಿದು, ಬಾಣದ ಕೀಲಿಯಿಂದ ಸರಿಸುತ್ತೇವೆ. ಒಂದು ಒತ್ತಿಗೆ ಒಂದೇ ಸಲ ಲೆಕ್ಕ ನಡೆಯುತ್ತದೆ. ಕೀಲಿಯನ್ನು ಒತ್ತಿ ಹಿಡಿದರೆ ಘಟನೆಗಳ ಸಾಲು ಬೆಳೆಯುತ್ತದೆ, ಆದ್ದರಿಂದ ಬಿಟ್ಟು ಬಿಟ್ಟು ಒತ್ತಬೇಕು.